ಹಸಿ ಹಿಂಡಿಯಿಂದ ಸುಟ್ಟ ಟೊಮೆಟೊ ಗಿಡ ಚೇತರಿಸಿಕೊಂಡದ್ದು

ಕಡಲೆಕಾಯಿ ಹಿಂಡಿಯನ್ನು ಪುಡಿ ಮಾಡಿ ನೇರ ಕುಂಡಕ್ಕೆ ಹಾಕಿದ್ದೇ ತಪ್ಪು. ನಾಲ್ಕು ದಿನದಲ್ಲಿ ಎಲೆಯಂಚು ಸುಟ್ಟು, ಮಣ್ಣು ನಾರತೊಡಗಿತು. ಬೇರಿನ ಪಕ್ಕದಲ್ಲೇ ಹಿಂಡಿ ಕೊಳೆಯುವಾಗ ಶಾಖವೂ ಅಮೋನಿಯಾವೂ ಹುಟ್ಟುತ್ತವೆ. ಎಳೆ ಬೇರು ತಡೆಯದು. ಬಾಡಿತೆಂದು ನೀರು ಸುರಿದರೆ ಕೊಳೆತ ಇನ್ನೂ ಹೆಚ್ಚುತ್ತದೆ.

ಮೇಲಿನ ಎರಡು ಇಂಚು ಮಣ್ಣನ್ನು ಹಿಂಡಿ ಸಮೇತ ತೆಗೆದು, ಚೆನ್ನಾಗಿ ಕಳಿತ ಎಲೆಗೊಬ್ಬರ ತುಂಬಿ, ಕುಂಡವನ್ನು ನೆರಳಿಗಿಟ್ಟೆ. ಹತ್ತು ದಿನಕ್ಕೆ ಹೊಸ ಚಿಗುರು ಬಂತು. ಸುಟ್ಟ ಎಲೆ ಮಾತ್ರ ಮತ್ತೆ ಹಸಿರಾಗದು.

ಈಗ 100 ಗ್ರಾಂ ಹಿಂಡಿಯನ್ನು 1 ಲೀಟರ್ ನೀರಿನಲ್ಲಿ 5 ದಿನ ನೆನೆಸಿ, ದಿನವೂ ಕಲಕುತ್ತೇನೆ. ಮುಚ್ಚಳ ಸಡಿಲವಿರಲಿ, ಅನಿಲ ಹೊರಹೋಗಬೇಕು. ಸೋಸಿದ ತಿಳಿಗೆ ಹತ್ತು ಪಟ್ಟು ನೀರು ಬೆರೆಸಿ, 15 ದಿನಕ್ಕೊಮ್ಮೆ ಕುಂಡಕ್ಕೆ 250 ಮಿ.ಲೀ., ಅದೂ ಒದ್ದೆ ಮಣ್ಣಿಗೆ. ಹೂ ಬಿಟ್ಟ ಮೇಲೆ ಇನ್ನೂ ಕಡಿಮೆ: ಸಾರಜನಕ ಮಿತಿಮೀರಿದರೆ ಸೊಪ್ಪು ಸೊಂಪಾಗುತ್ತದೆ, ಕಾಯಿ ಕಚ್ಚುವುದಿಲ್ಲ.