‘ಹೌದು’ ಎಂದರೆ ಸಾಲದ ಪ್ರಶ್ನೆಗಳು

ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ತಜ್ಞೆಯಾಗಿರುವ ನಾನು ಶಸ್ತ್ರಚಿಕಿತ್ಸಾ ತಂಡದೊಳಗಿನ ಸಂವಹನವನ್ನು ಸರಿಪಡಿಸಲು ಹೊರಟದ್ದು ರಕ್ತದ ಒಂದು ಚೀಲದಿಂದಾಗಿ. ಗರ್ಭಕೋಶದ ಶಸ್ತ್ರಚಿಕಿತ್ಸೆಯ ನಡುವೆ ರಕ್ತಸ್ರಾವ ಹೆಚ್ಚಾಗಿ ನಾನು ರಕ್ತ ಕೇಳಿದಾಗ, ಕ್ರಾಸ್‌ಮ್ಯಾಚ್‌ಗೆ (ರೋಗಿಗೆ ಯಾವ ರಕ್ತ ಹೊಂದುತ್ತದೆಂದು ನೋಡುವ ಪರೀಕ್ಷೆಗೆ) ಕಳಿಸಿದ್ದ ಮಾದರಿಯು ಲೇಬಲ್ ತಪ್ಪಿದ್ದರಿಂದ ಬೆಳಿಗ್ಗೆಯೇ ರಕ್ತನಿಧಿಯಿಂದ ಹಿಂದಿರುಗಿತ್ತೆಂದು ತಿಳಿಯಿತು. ವಾರ್ಡಿನ ಸಿಸ್ಟರ್‌ಗೆ ಅದು ಗೊತ್ತಿತ್ತು, ಓಟಿ (ಶಸ್ತ್ರಚಿಕಿತ್ಸಾ ಕೊಠಡಿ) ತಂತ್ರಜ್ಞರಿಗೂ ಗೊತ್ತಿತ್ತು. ಶಸ್ತ್ರಚಿಕಿತ್ಸಕರಿಗೂ ನನಗೂ ಯಾರೂ ಹೇಳಿರಲಿಲ್ಲ. ಆ ತಾಯಿ ಚೇತರಿಸಿಕೊಂಡರು. ಆದರೆ ರಕ್ತಕ್ಕಾಗಿ ಕಾದ 40 ನಿಮಿಷಗಳನ್ನು ನಾನು ಮರೆತಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಹೊರತಂದ 19 ಅಂಶಗಳ ಸುರಕ್ಷತಾ ಪಟ್ಟಿ ನಮ್ಮ ಪ್ರತಿ ಕೇಸ್‌ಶೀಟಿನಲ್ಲೂ ಇತ್ತು. ನವದೆಹಲಿಯೂ ಸೇರಿ 8 ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಬಳಸಿದ ಮೇಲೆ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿದದ್ದನ್ನು 2009ರ ಅಧ್ಯಯನ ತೋರಿಸಿತ್ತು. ಅರಿವಳಿಕೆಗೆ ಮೊದಲು, ಛೇದನಕ್ಕೆ ಮೊದಲು, ರೋಗಿ ಓಟಿಯಿಂದ ಹೊರಹೋಗುವ ಮೊದಲು, ಹೀಗೆ ಮೂರು ಬಾರಿ ಗಟ್ಟಿಯಾಗಿ ಓದಬೇಕಾದ ಆ ಪಟ್ಟಿಯನ್ನು ನಾವು ಓದುತ್ತಿರಲಿಲ್ಲ, ತುಂಬುತ್ತಿದ್ದೆವು. ಆ ದಿನದ ಹಾಳೆಯಲ್ಲಿ ‘ರಕ್ತ ಸಿದ್ಧವಿದೆ’ ಎಂಬಲ್ಲಿಯೂ ಟಿಕ್ ಬಿದ್ದಿತ್ತು.

ನಾವು ಮೊದಲು ಬದಲಿಸಿದ್ದು ಪ್ರಶ್ನೆಗಳನ್ನು. ‘ರಕ್ತ ಇದೆಯಾ?’ ಎಂದರೆ ಯಾರಾದರೂ ಹೌದೆನ್ನುತ್ತಾರೆ; ‘ಎಷ್ಟು ಚೀಲ, ಈಗ ಎಲ್ಲಿದೆ?’ ಎಂದರೆ ತಿಳಿದವರೇ ಉತ್ತರಿಸಬೇಕಾಗುತ್ತದೆ. ಕೇಳುವ ಹೊಣೆಯನ್ನು ಶಸ್ತ್ರಚಿಕಿತ್ಸಕರಿಂದ ತೆಗೆದು ಸ್ಟಾಫ್ ನರ್ಸ್‌ಗೆ ಕೊಟ್ಟೆವು. ಅವರು ‘ಮುಗಿಯಿತು’ ಎನ್ನುವವರೆಗೆ ಬ್ಲೇಡ್ ಕೈಗೆ ಬರುವುದಿಲ್ಲ. ಕೇರಳದವರು, ಕಲಬುರಗಿಯವರು, ತಮಿಳು ಮಾತನಾಡುವವರು ಒಟ್ಟಿಗೆ ನಿಲ್ಲುವ ನಮ್ಮ ಓಟಿಯಲ್ಲಿ ಇಂಗ್ಲಿಷಿನ ಸಾಲುಗಳಿಗೆ ‘ಯೆಸ್ ಡಾಕ್ಟರ್’ ಎಂಬುದೊಂದೇ ಉತ್ತರ ಬರುತ್ತಿದ್ದುದರಿಂದ, ಪ್ರಶ್ನೆಗಳನ್ನು ಎಲ್ಲರೂ ಆಡುವ ಸರಳ ಕನ್ನಡಕ್ಕೆ ತಂದೆವು.

ಹಿರಿಯ ಶಸ್ತ್ರಚಿಕಿತ್ಸಕರೊಬ್ಬರು ಕೆಲವು ವಾರ ಕೈಚಾಚಿಕೊಂಡೇ ಕಾಯುತ್ತಿದ್ದರು. ಅವರದೇ ಒಂದು ಹರ್ನಿಯಾ ಕೇಸಿನಲ್ಲಿ, ಕೆಲಸಕ್ಕೆ ಸೇರಿ ವರ್ಷವೂ ಆಗದ ನರ್ಸ್ ಒಬ್ಬರು, “ಸರ್, ಲಿಸ್ಟ್‌ನಲ್ಲಿ ಎಡಗಡೆ ಅಂತಿದೆ, ಕನ್ಸೆಂಟ್‌ನಲ್ಲಿ ಬಲಗಡೆ ಇದೆ” ಎಂದರು. ಗುರುತನ್ನೂ ಸ್ಕ್ಯಾನನ್ನೂ ನೋಡಿದಾಗ ಬಲಗಡೆಯೇ ಸರಿಯಾಗಿತ್ತು. ಆ ಶಸ್ತ್ರಚಿಕಿತ್ಸಕರು “ಥ್ಯಾಂಕ್ಸ್ ಸಿಸ್ಟರ್, ಇನ್ನೊಮ್ಮೆ ಮೊದಲಿಂದ ಓದಿ” ಎಂದರು. ನನ್ನ ಯಾವ ತರಬೇತಿಗಿಂತಲೂ ಆ ಒಂದು ಮಾತು ಹೆಚ್ಚು ಕೆಲಸ ಮಾಡಿತೆಂದು ನಾನು ನಂಬಿದ್ದೇನೆ.

ರೋಗಿಯನ್ನು ಐಸಿಯುಗೆ ಒಪ್ಪಿಸುವಾಗ, ಕೇಳಿಸಿಕೊಂಡ ನರ್ಸ್ ಅದನ್ನೇ ತಿರುಗಿ ಹೇಳುವ ಪದ್ಧತಿಯನ್ನೂ ತಂದಿದ್ದೇವೆ. ರಾತ್ರಿಯ ತುರ್ತು ಕೇಸುಗಳಲ್ಲಿ ಮಾತ್ರ ಇದಾವುದೂ ಇನ್ನೂ ನೆಲೆಯೂರಿಲ್ಲ. ಮುಂದಿನ ತಿಂಗಳಿನಿಂದ ರಾತ್ರಿ ಪಾಳಿಯವರ ಜೊತೆ ನಾನೇ ನಿಂತು ಓದಿಸಲಿದ್ದೇನೆ.