ಮೂರನೇ ಸಲಕ್ಕೆ ಪಿಜಿಎಂ ಕೋರ್ಸ್ ಮುಗಿಸಿದ್ದು

ಪ್ರಾಬಬಿಲಿಸ್ಟಿಕ್ ಗ್ರಾಫಿಕಲ್ ಮಾಡೆಲ್ಸ್ (ಪಿಜಿಎಂ), ಅಂದರೆ ಒಂದಕ್ಕೊಂದು ತಳುಕು ಹಾಕಿಕೊಂಡ ಸಾಧ್ಯತೆಗಳನ್ನು ಚಿತ್ರದಂತೆ ಜೋಡಿಸಿ ಲೆಕ್ಕ ಹಾಕುವ ವಿದ್ಯೆಯ ಆನ್‌ಲೈನ್ ಕೋರ್ಸ್ ಈ ಮಳೆಗಾಲದಲ್ಲಿ ಮುಗಿಯಿತು. ಡಾಫ್ನೆ ಕೋಲರ್ ಅವರ ಸ್ಟ್ಯಾನ್‌ಫರ್ಡ್ ಪಾಠ, ಮೂರೂ ಭಾಗ, ಆನರ್ಸ್‌ನ ಹೆಚ್ಚುವರಿ ಪ್ರೋಗ್ರಾಮಿಂಗ್ ಕೆಲಸದ ಸಮೇತ. ಸೋಮವಾರಪೇಟೆ ಹತ್ತಿರ ಅರೇಬಿಕಾ ತೋಟ ನೋಡಿಕೊಂಡೇ ಮುಗಿಸಿದೆ. ಬೆಂಗಳೂರಲ್ಲಿ ಡೇಟಾ ಕೆಲಸದಲ್ಲಿರುವ ಭಾವ, "ಎರಡು ಸಲ ಬಿಟ್ಟಾಯ್ತಲ್ಲ, ಮತ್ಯಾಕೆ ದುಡ್ಡು ಸುರೀತೀಯ?" ಅಂದಿದ್ದರು.

ಅವರು ಹೇಳಿದ್ದು ಸುಳ್ಳಲ್ಲ. ಚಂದಾ, ಪುಸ್ತಕ, ಇನ್ವರ್ಟರ್‌ಗೆ ಹೊಸ ಬ್ಯಾಟರಿ ಎಲ್ಲ ಸೇರಿ 25 ಸಾವಿರದ ಹತ್ತಿರ ಹೋಗಿತ್ತು. ಮೊದಲ ಸಲ ವಿಡಿಯೋ ನೋಡುತ್ತಾ ಹೋದೆ, ಎಲ್ಲ ಅರ್ಥವಾದ ಹಾಗಿತ್ತು; ಆಕ್ಟೇವ್ ಎಂಬ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಎರಡು ಫ್ಯಾಕ್ಟರ್ (ಸಾಧ್ಯತೆಗಳ ಕೋಷ್ಟಕ) ಗುಣಿಸುವಾಗಲೇ ಯಾವ ಸಾಲಿಗೆ ಯಾವುದು ಎಂಬ ಇಂಡೆಕ್ಸ್ ತಪ್ಪಿ ನಿಂತೆ. ಎರಡನೇ ಸಲ, ದೊಡ್ಡ ಲೆಕ್ಕವನ್ನು ಗುಂಪುಗಳಾಗಿ ಒಡೆದು ಮರದಂತೆ ಜೋಡಿಸುವ ಕ್ಲಿಕ್ ಟ್ರೀವರೆಗೆ ಬಂದಿದ್ದೆ. ಜುಲೈ ಗಾಳಿಗೆ ಮರ ಬಿದ್ದು ಎಂಟೊಂಬತ್ತು ದಿನ ಕರೆಂಟ್ ಇಲ್ಲ, ಟವರ್ ಇಲ್ಲ. ಕರೆಂಟ್ ಬಂದ ಮೇಲೆ ನೋಡಿದರೆ ನಾನೇ ಬರೆದ ಕೋಡ್ ನನಗೆ ತಿಳಿಯಲಿಲ್ಲ.

ಈ ಸಲ ಕ್ರಮ ಬದಲಿಸಿದೆ. ಕೈಲೆಕ್ಕ ಮುಗಿಯದೆ ಕಂಪ್ಯೂಟರ್ ಮುಟ್ಟುವುದಿಲ್ಲ ಅಂತ ಹಟ ಹಿಡಿದೆ. ಆಳುಗಳ ಹಾಜರಿ ಬರೆಯುವ ಹಳೇ ಚೆಕ್‌ರೋಲ್ ಪುಸ್ತಕದ ಖಾಲಿ ಹಾಳೆಗಳೇ ನೋಟ್ಸ್. ಉದಾಹರಣೆಗಳೂ ತೋಟದವೇ.

ವಿ-ಸ್ಟ್ರಕ್ಚರ್, ಅಂದರೆ ಎರಡು ಕಾರಣಕ್ಕೆ ಒಂದೇ ಪರಿಣಾಮ ಇರುವ ಜೋಡಣೆ, ತಲೆಗೆ ಹತ್ತಿದ್ದು ಹೀಗೆ. ಕಾಫಿ ಗಿಡ ಹಳದಿಯಾಗಿದೆ: ಬಿಳಿ ಕಾಂಡಕೊರಕ ಇರಬಹುದು, ಬೇರು ರೋಗ ಇರಬಹುದು. ನನ್ನ ಅಂದಾಜಿಗೆ ಕೊರಕ 100ಕ್ಕೆ 10, ಬೇರು ರೋಗ 5. ಯಾವುದಾದರೂ ಒಂದಿದ್ದರೆ ಹಳದಿಯಾಗುವುದು 80, ಎರಡೂ ಇದ್ದರೆ 95, ಏನೂ ಇಲ್ಲದೆಯೂ 5. ಹಳದಿ ಕಂಡ ಕೂಡಲೇ ಬೇರು ರೋಗದ ಅನುಮಾನ 5ರಿಂದ 25ಕ್ಕೆ ಏರುತ್ತದೆ. ತೊಗಟೆಯಲ್ಲಿ ಉಬ್ಬು ಸಿಕ್ಕಿ ಕೊರಕ ಖಾತ್ರಿಯಾಯಿತೋ, ಅದು ಮತ್ತೆ 6ರ ಹತ್ತಿರಕ್ಕೆ ಇಳಿಯುತ್ತದೆ. ಎರಡು ರೋಗಕ್ಕೂ ಒಂದಕ್ಕೊಂದು ಸಂಬಂಧವಿಲ್ಲ, ಹಳದಿ ಎಲೆ ಅವನ್ನು ಕಟ್ಟಿಹಾಕಿತು. ತೋಟದ ಲೆಕ್ಕ ಬರೆಯುವ ನಮ್ಮ ರೈಟರ್ ಉಬ್ಬು ಕಂಡ ಗಿಡದ ಬುಡವನ್ನು ಬೇರು ರೋಗ ನೋಡಲು ಅಗೆಸುವುದಿಲ್ಲ. ಅವರು ವರ್ಷಗಳಿಂದ ಮಾಡುತ್ತಿದ್ದ ಲೆಕ್ಕ ಅದೇ.

ಆಮೇಲೆ ಕೋಡ್ ಸಲೀಸಾಯಿತು. ಫ್ಯಾಕ್ಟರ್ ಗುಣಾಕಾರದ ಉತ್ತರ ಹಾಳೆಯ ಉತ್ತರಕ್ಕೆ ಹೊಂದದಿದ್ದರೆ ಮುಂದೆ ಹೋಗುತ್ತಿರಲಿಲ್ಲ. ಕ್ಲಿಕ್ ಟ್ರೀಯಲ್ಲಿ ಒಂದು ಗುಂಪು ಇನ್ನೊಂದಕ್ಕೆ ದಾಟಿಸುವ ಮೆಸೇಜನ್ನು ಪ್ರತಿ ಹೆಜ್ಜೆಗೂ ನಾರ್ಮಲೈಸ್ ಮಾಡಿ, ಅಂದರೆ ಮೊತ್ತ 1 ಆಗುವ ಹಾಗೆ ಭಾಗಿಸಿ. ಎಲ್ಲಕ್ಕಿಂತ ಹೆಚ್ಚು ಸಾಧ್ಯವಿರುವ ಉತ್ತರ ಹುಡುಕುವ ಮ್ಯಾಕ್ಸ್-ಸಮ್‌ನಲ್ಲಿ ಮೊದಲೇ ಲಾಗ್‌ಗೆ (ಲಾಗರಿದಮ್) ಇಳಿಸಿಕೊಳ್ಳಿ, ಇಲ್ಲದಿದ್ದರೆ ಸಣ್ಣ ಸಂಖ್ಯೆಗಳು ಸೊನ್ನೆಯಾಗಿ ಮೂರು ರಾತ್ರಿ ಹಾಳು. ನನಗೆ ಹಾಳಾದವು. ಲೆಕ್ಕದಿಂದ ಯಾವ ಅಂಶವನ್ನು ಮೊದಲು ತೆಗೆಯಬೇಕು ಎಂಬ ಎಲಿಮಿನೇಶನ್ ಕ್ರಮಕ್ಕೆ ಮಿನ್-ಫಿಲ್ (ತೆಗೆದಾಗ ಚಿತ್ರಕ್ಕೆ ಅತಿ ಕಡಿಮೆ ಹೊಸ ಗೆರೆ ಸೇರುವುದನ್ನು ಮೊದಲು ತೆಗೆಯುವುದು) ಸಾಕು. ಅದಕ್ಕಿಂತ ಬೇಗ ಕಣ್ಣಲ್ಲೇ ಹಿಡಿಯುವ ಗುರುತೊಂದು ನನ್ನ ಹತ್ತಿರ ಇದೆ, ಸದ್ಯಕ್ಕೆ ನನ್ನಲ್ಲೇ ಇರಲಿ.

ನಡುವೆ ಒಂದು ಅಡ್ಡದಾರಿಯನ್ನೂ ಹಿಡಿದೆ. ಅಪ್ಪ 30 ವರ್ಷಕ್ಕೂ ಹೆಚ್ಚು ಕಾಲ ಬರೆದಿಟ್ಟ ಮಳೆ ಪುಸ್ತಕವಿದೆ, ಇಂಚು-ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ. ಅದನ್ನು ಕಂಪ್ಯೂಟರ್‌ಗೆ ಹಾಕಿಸಲು ಹುಡುಗನೊಬ್ಬನಿಗೆ 3,000 ಕೊಟ್ಟೆ. ಮಳೆಯ ಅಂಕಿಗಳ ಹಿಂದೆ ಅಡಗಿರುವ ಸ್ಥಿತಿಯನ್ನು ಊಹಿಸುವ, ಮೂರು ಸ್ಥಿತಿಯ ಹಿಡನ್ ಮಾರ್ಕೋವ್ ಮಾಡೆಲ್ ಕಟ್ಟಿ, ಊಹೆಯನ್ನು ಹಂತಹಂತವಾಗಿ ತಿದ್ದುವ ಇಎಂ ವಿಧಾನ ಓಡಿಸಿದರೆ ಒಂದೊಂದು ಸಲ ಒಂದೊಂದು ಉತ್ತರ. ಇಪ್ಪತ್ತು ಬೇರೆ ಬೇರೆ ಆರಂಭ ಕೊಟ್ಟು ಲೈಕ್ಲಿಹುಡ್ (ಪುಸ್ತಕದ ಅಂಕಿಗಳಿಗೆ ಹೊಂದುವ ಮಟ್ಟ) ಹೆಚ್ಚಿರುವುದನ್ನು ಇಟ್ಟುಕೊಂಡೆ. ಮಳೆಗಾಲದ ನಡುವೆ ಮಳೆ ಬಿಡುವು ಕೊಡುವ ಹೊಳವನ್ನು ನಾನು ಹೇಳಿಕೊಡದೆಯೇ ಬೇರೆ ಸ್ಥಿತಿಯಾಗಿ ಅದು ಗುರುತಿಸಿತು! ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಆದರೆ ಕಣದಲ್ಲಿ ಕಾಫಿ ಒಣಗುವಾಗ ಬರುವ ಡಿಸೆಂಬರ್ ಮಳೆಗೆ ಅದು ಉಪಯೋಗಕ್ಕೆ ಬರಲಿಲ್ಲ, ಅಂಥ ದಿನಗಳೇ ಪುಸ್ತಕದಲ್ಲಿ ಕಡಿಮೆ. ಟಾರ್ಪಾಲು ಈಗಲೂ ದಿನಾ ಸಂಜೆ ಮುಚ್ಚಿಸುತ್ತೇನೆ.

ಮೂರನೇ ಸಲದ ಖರ್ಚು ಚಂದಾ ಸೇರಿ 10 ಸಾವಿರ ದಾಟಲಿಲ್ಲ, ಐದು ತಿಂಗಳು ಹಿಡಿಯಿತು. ಭಾವ ಹೋದ ವಾರ ಚೆಕ್‌ರೋಲ್ ಹಾಳೆಗಳ ಫೋಟೋ ಕೇಳಿದರು. ಎರಡು ಹಾಳೆ ಬಿಟ್ಟು ಉಳಿದದ್ದೆಲ್ಲ ಕಳಿಸಿದೆ.