4 ಚೀಲ ಅಡಿಕೆ, 11 ವಾಯಿದೆ

"ಬಿಟ್ಟಾಕು ಮಾರಾಯ, ಕೋರ್ಟಿಗೆ ಅಲೆದು ಚಪ್ಪಲಿ ಸವೆಯೋದೇ ಲಾಭ" ಅಂತ ಊರಲ್ಲಿ ಹೇಳದವರಿಲ್ಲ. ನಮ್ಮ ಮನೆಯಿಂದ ನಾಲ್ಕು ಚೀಲ ಅಡಿಕೆ ಕದ್ದ ಕಳ್ಳನಿಗೆ ಮೊನ್ನೆ ಶಿಕ್ಷೆ ಆಯ್ತು. ಹಾಗಾಗಿ ಬರೀತಿದ್ದೇನೆ.

2024ರ ಜುಲೈಗೆ, ಅಂದರೆ ಹೊಸ ಕಾನೂನಿಗೆ ಮುಂಚಿನ ಕೇಸು, ಹಳೇ ಐಪಿಸಿ (ದಂಡ ಸಂಹಿತೆ) 457, 380: ರಾತ್ರಿ ಮನೆಗೆ ನುಗ್ಗಿದ್ದು, ಮನೆಯಲ್ಲಿ ಕದ್ದದ್ದು. ಎಫ್‌ಐಆರ್, ಮಹಜರು ಎಲ್ಲ ನಿಮಗೆ ಗೊತ್ತಿದ್ದದ್ದೇ.

ನಾನು ಮೊದಲು ಕೋರ್ಟ್ ಕಟಕಟೆ ಹತ್ತಿದ್ದು ಬೇರೊಂದು ಕೇಸಿಗೆ, ಬೈಕ್ ಅಪಘಾತದ ಸಾಕ್ಷಿಯಾಗಿ. ಪೊಲೀಸರಿಗೆ ರಾತ್ರಿ ಎಂಟೂವರೆ ಅಂದಿದ್ದವನು ಅಲ್ಲಿ ಏಳು ಅಂದೆ. ಎದುರು ವಕೀಲರು ಪ್ರಶ್ನೆ ಕೇಳೋ ಪಾಟೀಸವಾಲಲ್ಲಿ ಹಸಿ ಅಡಿಕೆ ಸುಲಿದ ಹಾಗೆ ಸುಲಿದರು. ಕೇಸು ಬಿದ್ದು ಹೋಯ್ತು.

ಈ ಸಲ ಸಮನ್ಸ್ ಬರುವ ಮುಂಚೆಯೇ ಎರಡು ದಿನ ಕೋರ್ಟ್ ಹಾಲಿನ ಹಿಂದಿನ ಬೆಂಚಲ್ಲಿ ಕೂತು ಬೇರೆಯವರ ಕೇಸು ನೋಡಿದೆ. ಕೇಳದ್ದಕ್ಕೂ ಉತ್ತರ ಕೊಟ್ಟವರೇ ಸಿಕ್ಕಿಬೀಳೋದು. ಮನೆಗೆ ಬಂದು ಅಳಿಯನನ್ನು ಎದುರು ವಕೀಲ ಮಾಡಿಕೊಂಡು ಜಗಲಿಯಲ್ಲಿ ಅಭ್ಯಾಸ ಮಾಡಿದೆ. ಬಾಯಿಪಾಠ ಒಪ್ಪಿಸಿದ ಹಾಗಾಯ್ತು, ಬಿಟ್ಟೆ. ಆದರೆ ಒಂದು ರಾತ್ರಿ ಹೆಂಡತಿಯನ್ನು ಅಂಗಳದಾಚೆ ನಿಲ್ಲಿಸಿ ಟಾರ್ಚ್ ಬಿಟ್ಟು ನೋಡಿದೆ. ಹದಿನೈದು ಮಾರು ದಾಟಿದರೆ ಅವಳ ಮುಖವೇ ಗೊತ್ತಾಗಲಿಲ್ಲ! ಅವತ್ತು ಟಾರ್ಚ್ ಬೆಳಕಲ್ಲಿ ಕಳ್ಳ ಓಡಿದ್ದು ಅದಕ್ಕೂ ಆಚೆ. ಕೋರ್ಟಲ್ಲಿ "ಮುಖ ಕಾಣಲಿಲ್ಲ" ಅಂದೆ. ಎದುರು ವಕೀಲರು ಟಾರ್ಚ್ ಮೇಲೇ ತಯಾರಾಗಿ ಬಂದಿದ್ದರು ಪಾಪ.

ಖರ್ಚು? ಹನ್ನೊಂದು ವಾಯಿದೆ, ಅಂದರೆ ಕೋರ್ಟಿನ ತಾರೀಖು. ಮೊದಲ ಐದಾರು ಸುಮ್ಮನೆ ವ್ಯರ್ಥ, ಆಮೇಲೆ ಈ-ಕೋರ್ಟ್ಸ್ ಆ್ಯಪಲ್ಲಿ ತಾರೀಖು ನೋಡಿಕೊಂಡು ಹೋಗೋದು ಕಲಿತೆ. ಬಸ್ಸು, ಊಟ, ತೋಟಕ್ಕೆ ಬದಲಿ ಆಳು ಸೇರಿ ಒಂಬತ್ತು ಹತ್ತು ಸಾವಿರ. ಸಾಕ್ಷಿ ಭತ್ಯೆ ಒಂದೇ ಸಲ ಬಂತು, ದೋಸೆ ಕಾಫಿಗೆ ಆಯ್ತು. ಕೋರ್ಟಿಗೆ ಬಾಂಡ್ (ಮುಚ್ಚಳಿಕೆ) ಬರೆದುಕೊಟ್ಟು, ಜಪ್ತಿಯಾದ ಅಡಿಕೆ ಬಿಡಿಸಿಕೊಳ್ಳೋ ಹೊತ್ತಿಗೆ ಬೂಷ್ಟು ಹಿಡಿದು ಕ್ವಿಂಟಲಿಗೆ ಐದು ಸಾವಿರ ಹೋಯ್ತು.

ಪ್ರಶ್ನೆ ಮುಗಿದ ಮೇಲೆ, ಬಾಯಿ ತೆರೆಯುವ ಮುಂಚೆ ನಾನು ಮಾಡೋ ಒಂದು ಕೆಲಸ ಇದೆ. ಅದನ್ನು ಬರೆಯಲ್ಲ. ವಕೀಲರೂ ಓದ್ತಾರೆ.

ಕೇಸು ನಿಂತಿದ್ದು ಚೀಲದ ಮೇಲೆ. ಆರೋಪಿ ಮನೆಯಲ್ಲಿ ಸಿಕ್ಕ ಗೋಣಿಯನ್ನು ಎಂ.ಓ.-1 (ಒಂದನೇ ಸಾಕ್ಷಿ ವಸ್ತು) ಅಂತ ತೋರಿಸಿದರು. ಎದುರು ವಕೀಲರು ಕೇಳಿದರು:

"ಈ ನೀಲಿ ದಾರ ಎಲ್ಲಾ ಅಂಗಡೀಲೂ ಸಿಗುತ್ತಲ್ಲ?"

"ಸಿಗುತ್ತೆ ಸ್ವಾಮಿ. ನಾನು ಎಡಚ. ನನ್ನ ಗಂಟು ಎಡಕ್ಕೆ ಬೀಳುತ್ತೆ."

ದೂರಿನಲ್ಲೇ ಇದನ್ನು ಹಟ ಹಿಡಿದು ಬರೆಸಿದ್ದೆ. ಜಡ್ಜ್ ಸಾಹೇಬರು ಚೀಲ ತಿರುಗಿಸಿ ತಿರುಗಿಸಿ ನೋಡಿದರು.

ಟೈಪಾದ ಹೇಳಿಕೆಗೆ ಸಹಿ ಹಾಕಿ ಅಂದಾಗ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದೆ. ಹಿಂದೆ ನಿಂತವರು ಗೊಣಗಿದರು. ಎರಡನೇ ಪುಟದಲ್ಲಿ "ಗಂಟು ಬಲಕ್ಕೆ" ಅಂತಿತ್ತು. ತಿದ್ದಿಸಿಯೇ ಸಹಿ ಹಾಕಿದೆ.